ಹೆಸರಿಲ್ಲದ ಜ್ವರ

2020ರ ಮಾರ್ಚ್ 10ರಂದು ಕಲಬುರಗಿಯ 76 ವರ್ಷದ ವೃದ್ಧರೊಬ್ಬರು ನಿಧನರಾದರು. ಅದು ಕೊರೋನಾದಿಂದ ದೇಶದಲ್ಲಿ ಸಂಭವಿಸಿದ ಪ್ರಥಮ ಸಾವು ಎಂಬುದು ಖಚಿತವಾದದ್ದು ಎರಡು ದಿನಗಳ ಬಳಿಕ. ವಿಶ್ವವಿದ್ಯಾಲಯವೂ ವೈದ್ಯಕೀಯ ಕಾಲೇಜುಗಳೂ ಇರುವ ಈ ವಿಭಾಗೀಯ ಕೇಂದ್ರದಲ್ಲಿ ಆ ವೈರಸನ್ನು ಗುರುತಿಸುವ ಪ್ರಯೋಗಾಲಯ ಅಂದು ಇರಲಿಲ್ಲ. ಅದೇ ವರ್ಷ ಜಿಮ್ಸ್‌ನಲ್ಲಿ ಆರ್‌ಟಿ-ಪಿಸಿಆರ್ ಪರೀಕ್ಷೆ ಆರಂಭವಾಯಿತು. ಆ ಯಂತ್ರ ಕೊರೋನಾವನ್ನು ಮಾತ್ರ ಬಲ್ಲದ್ದೇನಲ್ಲ. ತಕ್ಕ ಕಿಟ್ ಒದಗಿಸಿದರೆ ಇನ್‌ಫ್ಲುಯೆಂಜಾ, ಆರ್‌ಎಸ್‌ವಿ, ಎಚ್‌ಎಂಪಿವಿ, ಅಡೆನೊವೈರಸ್‌ಗಳನ್ನೂ ಗುರುತಿಸಬಲ್ಲದು.

ಕಮಲಾಪುರದ ತಾಯಿಯೊಬ್ಬಳು ಕೆಮ್ಮುವ ಕೂಸನ್ನೆತ್ತಿಕೊಂಡು ವೈದ್ಯರ ಬಳಿ ಹೋದರೆ ದೊರೆಯುವ ಉತ್ತರ ಸಾಮಾನ್ಯವಾಗಿ ಒಂದೇ: 'ವೈರಲ್ ಫೀವರ್'. ಅದು ರೋಗದ ಹೆಸರಲ್ಲ, ಹೆಸರು ತಿಳಿಯದೆಂಬುದರ ಹೆಸರು. ಮೂಗು ಸೋರಿಕೆ, ಜ್ವರ, ಉಬ್ಬಸ ಇವೆಲ್ಲ ಈ ವೈರಸ್‌ಗಳಲ್ಲಿ ಒಂದೇ ತೆರನಾಗಿರುವುದರಿಂದ ವೈದ್ಯರನ್ನು ದೂಷಿಸುವಂತಿಲ್ಲ. ಆದರೆ ಉತ್ತರದ ಬೆನ್ನಿಗೇ ಬರುವ ಆ್ಯಂಟಿಬಯಾಟಿಕ್ ಸಿರಪ್‌ನ ಬಗ್ಗೆ ಮಾತನಾಡಲೇಬೇಕಾಗಿದೆ. ಅದು ಯಾವ ವೈರಸನ್ನೂ ಕೊಲ್ಲುವುದಿಲ್ಲ. ಇನ್‌ಫ್ಲುಯೆಂಜಾಕ್ಕೆ ಒಸೆಲ್ಟಾಮಿವಿರ್ ಎಂಬ ಔಷಧವಿದೆ, ಆದರೆ ರೋಗಲಕ್ಷಣ ಕಾಣಿಸಿದ 48 ಗಂಟೆಗಳೊಳಗೆ ಆರಂಭಿಸಿದರೇ ಅದರ ಪೂರ್ಣ ಪ್ರಯೋಜನ. ಆರ್‌ಎಸ್‌ವಿಗೆ ಆ ಔಷಧ ನಿರುಪಯುಕ್ತ, ಅಲ್ಲಿ ಬೇಕಾದದ್ದು ಆಮ್ಲಜನಕ ಮತ್ತು ಆರೈಕೆ. 2009ರ ಆಗಸ್ಟ್ 3ರಂದು ಎಚ್1ಎನ್1ಗೆ ದೇಶದಲ್ಲಿ ಮೊದಲು ಬಲಿಯಾದ 14ರ ಬಾಲಕಿ ಪುಣೆಯವಳು. ರಾಷ್ಟ್ರೀಯ ವೈರಾಣು ಸಂಸ್ಥೆ ಇರುವುದೂ ಅದೇ ಪುಣೆಯಲ್ಲಿ! ಪ್ರಯೋಗಾಲಯ ಊರಲ್ಲಿದ್ದರೆ ಸಾಲದು, ಮಗುವಿನ ಮೂಗಿನ ದ್ರವ ಸಕಾಲದಲ್ಲಿ ಅದನ್ನು ತಲುಪಬೇಕು.

ಹಾಗೆಂದು ನೆಗಡಿಯಾದ ಪ್ರತಿಯೊಂದು ಮಗುವಿಗೂ ಪರೀಕ್ಷೆ ಮಾಡಿಸಬೇಕೆಂದಲ್ಲ. ಹೆಚ್ಚಿನ ಮಕ್ಕಳು ಮನೆಯಲ್ಲೇ ಗುಣಮುಖರಾಗುತ್ತಾರೆ. ಪ್ರತಿವಾರ ತಾಲೂಕಿನ ಕೆಲವೇ ಮಕ್ಕಳ ಮಾದರಿಗಳು ನಗರಕ್ಕೆ ಬಂದು, ಫಲಿತಾಂಶ ಕಮಲಾಪುರದ ವೈದ್ಯರಿಗೆ ಮರಳಿದರೆ ಈ ವಾರ ಸುತ್ತುತ್ತಿರುವ ವೈರಸ್ ಯಾವುದೆಂದು ಅವರಿಗೆ ತಿಳಿಯುತ್ತದೆ. 2025ರ ಜನವರಿಯಲ್ಲಿ ಬೆಂಗಳೂರಿನ ಎರಡು ಹಸುಳೆಗಳಲ್ಲಿ ಎಚ್‌ಎಂಪಿವಿ ಪತ್ತೆಯಾದಾಗ ಟಿವಿ ವಾಹಿನಿಗಳು ಪ್ರಳಯವನ್ನೇ ಸಾರಿದವು. ನೆದರ್ಲೆಂಡ್ಸ್‌ನ ವಿಜ್ಞಾನಿಗಳು ಅದನ್ನು 2001ರಲ್ಲೇ ಗುರುತಿಸಿದ್ದರು. ನಿತ್ಯ ಹುಡುಕುವವರಿಗೆ ಅದು ಸುದ್ದಿಯೇ ಅಲ್ಲ.

ಶಾಮ್‌ನಲ್ಲಿ ಪ್ಲೇಗ್ ಹರಡಿದೆಯೆಂಬ ವಾರ್ತೆ ತಲುಪಿದಾಗ ಖಲೀಫಾ ಉಮರ್(ರ) ಸಂಗಡಿಗರೊಂದಿಗೆ ಸಮಾಲೋಚಿಸಿ ದಾರಿಯಿಂದಲೇ ಹಿಂದಿರುಗಿದರು. ಅದು ತವಕ್ಕುಲ್‌ಗೆ ವಿರುದ್ಧವೆಂದು ಅವರು ಭಾವಿಸಲಿಲ್ಲ. ವಾರ್ತೆ ಮೊದಲು ತಲುಪಿತ್ತು, ನಿರ್ಧಾರ ಅನಂತರದ್ದು. ನಮ್ಮ ಮೊಹಲ್ಲಾಗಳಲ್ಲಿ ಆ ವಾರ್ತೆಯೇ ಬರುವುದಿಲ್ಲ.

371(ಜೆ) ಜಾರಿಯಾಗಿ ದಶಕ ಕಳೆದಿದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಲ್ಲಿ ಕಟ್ಟಡ ಏಳುವುದು ಸುಲಭ, ಶಿಲಾಫಲಕದಲ್ಲಿ ಶಾಸಕರ ಹೆಸರಿರುತ್ತದೆ. ಮಾದರಿ ಸಾಗಿಸುವ ಶೀತಪೆಟ್ಟಿಗೆಯ ಮೇಲೆ ಯಾರ ಹೆಸರನ್ನೂ ಕೆತ್ತಲಾಗದು. ಆದರೂ ಬೇಡಿಕೆಯಿಡಬೇಕಾದದ್ದು ಇದನ್ನೇ: ಕಿಟ್, ವಾಹನ, ತರಬೇತಿ ಪಡೆದ ಸಿಬ್ಬಂದಿ, ವಾರದ ವರದಿ.

ಅಲ್ಲಿಯವರೆಗೆ ಮಸೀದಿಗಳ ಜಮಾಅತ್‌ಗಳು ಜುಮಾದ ಬಳಿಕ ಇಷ್ಟನ್ನಾದರೂ ಪ್ರಕಟಿಸಬಹುದು. ಎರಡು ತಿಂಗಳಿನಿಂದ ಒಂದು ವರ್ಷದೊಳಗಿನ ಮಗು ನಿಮಿಷಕ್ಕೆ 50 ಬಾರಿ, ಒಂದರಿಂದ ಐದು ವರ್ಷದ ಮಗು 40 ಬಾರಿ ಅಥವಾ ಹೆಚ್ಚು ಉಸಿರಾಡುತ್ತಿದ್ದರೆ, ಪಕ್ಕೆ ಒಳಸೇರುತ್ತಿದ್ದರೆ, ಹಾಲು ಕುಡಿಯದಿದ್ದರೆ ಔಷಧದಂಗಡಿಗಲ್ಲ, ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು.