ಓದುಗರ ಮನೆಗೆ ನಾವೇ ಹೋಗೋಣ

ಧನಕವಡಿಯ ನಮ್ಮ ಕನ್ನಡ ಮಿತ್ರರಲ್ಲಿ ಹಸ್ತಪ್ರತಿ ಇಲ್ಲದವರು ವಿರಳ; ಅದನ್ನು ಕಪಾಟಿನಿಂದ ಹೊರತೆಗೆದವರು ಇನ್ನೂ ವಿರಳ. ‘ಬೆಂಗಳೂರಿನ ಪ್ರಕಾಶಕರು ನಮ್ಮನ್ನು ಬಲ್ಲರೇ?’ ಎಂಬುದೇ ಎಲ್ಲರ ಅಳಲು. ಬಹುಕಾಲ ಅದು ನಮ್ಮದೂ ಆಗಿತ್ತು.

ಗಳಗನಾಥರನ್ನು ನೆನೆಯೋಣ. ಇದೇ ಪುಣೆಯ ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಿಸಿದ ಅವರು, ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ಸುತ್ತಿ ಮಾರಿದರು. 1933ರಲ್ಲಿ ಧಾರವಾಡದಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆಯು ಚಂದಾದಾರರ ಬಲದಿಂದ ಬೆಳೆಯಿತು. ಓದುಗರು ಬರಲಿ ಎಂದು ಅವರಾರೂ ಕಾದು ಕೂಡಲಿಲ್ಲ.

ನಾವೂ ದಿನಕ್ಕೊಂದು ಪುಟ ಬರೆಯೋಣ. ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಕಲೆತು ಗಟ್ಟಿಯಾಗಿ ಓದೋಣ. ನಾಲಗೆ ತಡವರಿಸಿದಲ್ಲಿ ವಾಕ್ಯವನ್ನು ತಿದ್ದೋಣ. ಐವತ್ತು ಮಂದಿಯಿಂದ ಮುಂಗಡ ಪಡೆದು ಐವತ್ತೇ ಪ್ರತಿ ಅಚ್ಚು ಹಾಕಿಸೋಣ. ಐಎಸ್‌ಬಿಎನ್ ಸಂಖ್ಯೆಯನ್ನು ಕೇಂದ್ರ ಸರ್ಕಾರ ಉಚಿತವಾಗಿಯೇ ನೀಡುತ್ತದೆ. ಮಾರಲು ಸಂಕೋಚವೇಕೆ? ಗಳಗನಾಥರಿಗಿಲ್ಲದ ಬಿಗುಮಾನ ನಮಗೆ ಸಲ್ಲದು.

ಇನ್ನೊಂದು ಮಾತು. ಇಲ್ಲಿ ಬೆಳೆದ ನಮ್ಮ ಮಕ್ಕಳಲ್ಲಿ ಅನೇಕರು ಕನ್ನಡ ಮಾತನಾಡಬಲ್ಲರು, ಓದಲಾರರು. ನಾವು ಗಟ್ಟಿಯಾಗಿ ಓದಿದರೆ ಅವರೂ ಕೇಳಿಯಾರು. ಮುಂದೇನಾಯಿತೆಂದು ಕೇಳಿದ ಮಗುವಿಗೆ ಅಂದೇ ಅಕ್ಷರ ಕಲಿಸಲು ತೊಡಗಬಹುದು. ಹಸ್ತಪ್ರತಿ ಕಪಾಟಿನಲ್ಲೇ ಉಳಿದರೆ ಆ ಓದುಗರನ್ನೂ ನಾವು ಕಳೆದುಕೊಳ್ಳುತ್ತೇವೆ.