ಕನಿಕರ ಬೇಡ, ಕಾಯಕ ಕೊಡಿ



ಅಂಗವಿಕಲ ನೌಕರನೊಬ್ಬ ಕೋರ್ಟಿಗೆ ಹೋದರೆ ನಮ್ಮಲ್ಲಿ ಅನೇಕರಿಗೆ ಸಿಟ್ಟು. ‘ಕೆಲಸ ಕೊಟ್ಟಿದ್ದೇ ದೊಡ್ಡದು, ಮೇಲೆ ಕೇಸು ಬೇರೆ’ ಎನ್ನುತ್ತಾರೆ. ಬಸವತತ್ವ ಒಪ್ಪಿದವರ ಬಾಯಲ್ಲಿ ಈ ಮಾತು ಬರಬಾರದು. ಕಾಯಕ ಯಾರೂ ಯಾರಿಗೂ ಹಾಕುವ ಭಿಕ್ಷೆಯಲ್ಲ.

ಸಿದ್ದರಾಜು ಪ್ರಕರಣವನ್ನೇ ನೋಡಿ. ನಮ್ಮ ರಾಜ್ಯ ಸರ್ಕಾರದ ವಿರುದ್ಧ ನಡೆದ ಆ ವ್ಯಾಜ್ಯದಲ್ಲಿದ್ದ ಪ್ರಶ್ನೆ ಇದು: ಅಂಗವಿಕಲರಿಗೆ ಬಡ್ತಿಯಲ್ಲೂ ಮೀಸಲಾತಿ ಉಂಟೋ ಇಲ್ಲವೋ? 2020ರ ಜನವರಿ 14ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ‘ಉಂಟು’ ಎಂದಿತು. ಅಂಗವಿಕಲರ ಮೊದಲ ಕಾಯ್ದೆ ಬಂದದ್ದು 1995ರಲ್ಲಿ. ಇಷ್ಟು ಕಾಲ ಸತಾಯಿಸಿದ್ದಕ್ಕೆ ನಾಚಬೇಕಾದವರು ಕೇಸು ಹಾಕಿದವರೋ, ಹಾಕುವಂತೆ ಮಾಡಿದವರೋ?

ಈಗಿರುವುದು 2016ರ ಕಾಯ್ದೆ. ಕೆಲಸ ಮಾಡಲು ಬೇಕಾದ ಸೂಕ್ತ ಅನುಕೂಲ ನಿರಾಕರಿಸುವುದೇ ತಾರತಮ್ಯ ಎನ್ನುತ್ತದೆ ಅದು. ಸೇವೆಯಲ್ಲಿದ್ದಾಗ ಅಂಗವಿಕಲರಾದವರನ್ನು ಸರ್ಕಾರಿ ಸಂಸ್ಥೆ ಕೆಲಸದಿಂದ ತೆಗೆಯುವಂತಿಲ್ಲ. ಅದೇ ವೇತನದ ಬೇರೆ ಹುದ್ದೆ ಕೊಡಬೇಕು. ಸರ್ಕಾರದ ಅನುದಾನ ಪಡೆಯುವ ಸಂಸ್ಥೆಗಳೂ ಈ ಲೆಕ್ಕಕ್ಕೆ ಬರುತ್ತವೆ. ನಮ್ಮ ಮಠಗಳ ಅನುದಾನಿತ ಶಾಲೆ ಕಾಲೇಜುಗಳನ್ನು ನಡೆಸುವವರು ಇದನ್ನು ಗಮನಿಸಬೇಕು.

‘ನಮ್ಮದು ಸಣ್ಣ ಸಂಸ್ಥೆ, ದುಡ್ಡೆಲ್ಲಿ?’ ಎಂಬ ಸಬೂಬು ಸಿದ್ಧವಾಗಿರುತ್ತದೆ. ಸಂಸ್ಥೆಯ ಶಕ್ತಿ ಮೀರಿದ್ದನ್ನು ಕಾನೂನೂ ಕೇಳುವುದಿಲ್ಲ. ಮೆಟ್ಟಿಲು ಹತ್ತಲಾಗದ ಶಿಕ್ಷಕಿಗೆ ಕೆಳಗಿನ ಕೊಠಡಿಯಲ್ಲಿ ತರಗತಿ ಕೊಡಲು ಎಷ್ಟು ಖರ್ಚು? ಕೊರತೆ ಇರುವುದು ದುಡ್ಡಿನದಲ್ಲ, ಮನಸ್ಸಿನದು. ‘ಹಿಂದಿನ ಜನ್ಮದ ಕರ್ಮ’ ಎಂಬ ಹಳೆಯ ಮಾತು ಇನ್ನೂ ನಮ್ಮ ತಲೆಯಿಂದ ಇಳಿದಿಲ್ಲ. ಹುಟ್ಟಿನಿಂದ ಮನುಷ್ಯನನ್ನು ಅಳೆಯಬೇಡಿ ಎಂದ ಶರಣರ ಮಕ್ಕಳು ದೇಹದಿಂದ ಅಳೆಯುತ್ತಿದ್ದೇವೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ನೌಕರನಿಗೆ ಹೈಕೋರ್ಟ್ ಎಂದರೆ ಧಾರವಾಡ. ಅಂಗವಿಕಲರ ರಾಜ್ಯ ಆಯುಕ್ತರು ಕೂರುವುದು ಬೆಂಗಳೂರಿನಲ್ಲಿ. ಊರುಗೋಲು ಹಿಡಿದವನು ಬಸ್ಸು ಹತ್ತಿಳಿದು ಅಲ್ಲಿಗೆ ಅಲೆಯುವಂತೆ ಮಾಡಿ, ಇಲ್ಲಿ ನಾವು ದಾಸೋಹದ ಮಹಿಮೆ ಹೇಳಿದರೆ ಯಾರು ನಂಬುತ್ತಾರೆ?

ಸರ್ಕಾರಿಯಿರಲಿ ಖಾಸಗಿಯಿರಲಿ, ಪ್ರತಿ ಸಂಸ್ಥೆಯೂ ಸಮಾನ ಅವಕಾಶದ ನೀತಿಯನ್ನು ಪ್ರಕಟಿಸಬೇಕೆಂಬುದು ಕಾಯ್ದೆಯ 21ನೇ ಕಲಂ. ಬರುವ ಬಸವ ಜಯಂತಿಯೊಳಗೆ ಅದು ನಮ್ಮ ಶಾಲೆ, ಸಹಕಾರಿ ಸಂಘ, ಆಸ್ಪತ್ರೆಗಳ ಬಾಗಿಲಲ್ಲಿ ಕಾಣಲಿ. ಪೂಜ್ಯರು ತಮ್ಮ ಸಂಸ್ಥೆಗಳಿಂದಲೇ ಆರಂಭಿಸಲಿ. ಕೋರ್ಟಿನ ನೋಟಿಸು ಬಂದ ಮೇಲೆ ಮಾಡುವುದು ಕಾನೂನಿನ ಭಯ. ಅದಕ್ಕೂ ಮೊದಲೇ ಮಾಡುವುದು ಶರಣಧರ್ಮ.