‘ಟಿಪ್ಪು ಕಾಲದ ಪಿಸ್ತೂಲು’ ಅಸಲಿಯೇ? ಮುದ್ರೆಗಿಂತ ಮೊದಲು ಸ್ಕ್ರೂ ನೋಡಿ

‘ಟಿಪ್ಪು ಕಾಲದ ಪಿಸ್ತೂಲು ಮಾರಾಟಕ್ಕಿದೆ, ಮುದ್ರೆ ನೋಡಿ.’ ಇಂಥ ಫೋಟೊ ನಿಮ್ಮ ಗ್ರೂಪಿಗೂ ಬಂದಿರಬಹುದು. ತುಕ್ಕು ಹಿಡಿದ ಕಬ್ಬಿಣ, ಸವೆದ ಮರ, ಮೇಲೊಂದು ಕಿರೀಟದ ಗುರುತು. ಇಷ್ಟು ಸಾಕೇ? ಖಂಡಿತ ಸಾಲದು.

ಮುದ್ರೆಯನ್ನು ನಂಬಬಹುದೇ?

ಪಿಸ್ತೂಲಿನಲ್ಲಿ ಅತಿ ಸುಲಭವಾಗಿ ನಕಲು ಮಾಡಬಹುದಾದದ್ದೇ ಮುದ್ರೆ. ಬ್ರಿಟಿಷ್ ಸೇನೆಯ ಹಳೆಯ ಬಂದೂಕುಗಳ ಮೇಲೆ ಕಿರೀಟ ಮತ್ತು ‘ಟವರ್’ ಎಂಬ ಪದ ಇರುತ್ತಿತ್ತು. ಅದು ಲಂಡನ್ ಟವರ್‌ನ ಶಸ್ತ್ರಾಗಾರದ ಗುರುತು. ಗೋಡೆಗೆ ನೇತುಹಾಕುವ ಅಲಂಕಾರದ ಪಿಸ್ತೂಲುಗಳ ಮೇಲೂ ಇದನ್ನೇ ಒತ್ತುತ್ತಾರೆ. ಖೈಬರ್ ಕಣಿವೆಯ ಕಡೆಯ ನಕಲುಗಳಲ್ಲಿ ಇಂಗ್ಲಿಷ್ ಅಕ್ಷರಗಳು ತಿರುವುಮುರುವಾಗಿರುವುದೂ ಉಂಟು.

ಟಿಪ್ಪುವಿನ ಹೆಸರಿಗೂ ಒಂದು ಪರೀಕ್ಷೆ ಇದೆ. ಆತ ತನ್ನದೇ ಮೌಲೂದಿ ಶಕವನ್ನು ಜಾರಿಗೆ ತಂದು, ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸುತ್ತಿದ್ದ. ಹಾಗಾಗಿ ಇಂಗ್ಲಿಷ್ ಅಂಕಿಯಲ್ಲಿ ‘1790’ ಎಂದು ಕೊರೆದ ‘ಶ್ರೀರಂಗಪಟ್ಟಣದ ಪಿಸ್ತೂಲು’ ಕಂಡರೆ ಅನುಮಾನಪಡಿ.

ಹಾಗಾದರೆ ಏನು ನೋಡಬೇಕು?

ಸ್ಕ್ರೂ: ಸ್ಕ್ರೂ ಥ್ರೆಡ್‌ಗಳಿಗೆ ಒಂದೇ ಅಳತೆ ಇರಲಿ ಎಂದು ಬ್ರಿಟನ್ನಿನ ಜೋಸೆಫ್ ವಿಟ್‌ವರ್ತ್ ಸೂಚಿಸಿದ್ದು 1841ರಲ್ಲಿ. ಅದಕ್ಕೂ ಹಿಂದೆ ಒಂದೊಂದು ಕಾರ್ಖಾನೆಯದು ಒಂದೊಂದು ಅಳತೆ. ಇಂದಿನ ಹಾರ್ಡ್‌ವೇರ್ ಅಂಗಡಿಯ ಸ್ಕ್ರೂ ಸಲೀಸಾಗಿ ಕೂತರೆ ಆ ಭಾಗ ಹೊಸದಿರಬಹುದು. ಪ್ಲಸ್ ಗುರುತಿನ ತಲೆಯ ಸ್ಕ್ರೂ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ.

ಉಕ್ಕಿನ ಭಾಗಗಳು: ಹಳೆಯ ಕಸುಬುದಾರರು ಕಬ್ಬಿಣವನ್ನು ಕುಲುಮೆಯಲ್ಲಿ ಕಾಯಿಸಿ, ಬಡಿದು, ಅರದಿಂದ ಉಜ್ಜಿ ರೂಪ ಕೊಡುತ್ತಿದ್ದರು. ಒಳಬದಿಯಲ್ಲಿ ಅರದ ಗೆರೆ ಕಾಣುತ್ತದೆ. ನಕಲಿಯಲ್ಲಿ ಅಚ್ಚಿನ ಎರಡು ಹೋಳು ಕೂಡಿದ ಗೆರೆ, ಮರಳಿನಂಥ ತರಿ ಕಾಣಬಹುದು. ಹಿತ್ತಾಳೆಗೆ ಮಾತ್ರ ಇದು ಅನ್ವಯಿಸದು. ಅದನ್ನು ಹಿಂದೆಯೂ ಎರಕ ಹೊಯ್ಯುತ್ತಿದ್ದರು.

ಸವೆತ: ನಿಜವಾದ ಸವೆತ ಕೈ ತಾಗುವ ಕಡೆ ಹೆಚ್ಚು, ಸಂದಿಗಳಲ್ಲಿ ಕಡಿಮೆ. ಆ್ಯಸಿಡ್ ಹಚ್ಚಿ ಬರಿಸಿದ ತುಕ್ಕು ಎಲ್ಲೆಡೆ ಒಂದೇ ಬಣ್ಣದ್ದಾಗಿರುತ್ತದೆ.

ಕಿಡಿಯ ರಂಧ್ರ: ಚಕಮಕಿ ಪಿಸ್ತೂಲಿನಲ್ಲಿ ಹೊರಗಿನ ಕಿಡಿ ನಳಿಗೆಯೊಳಗಿನ ಮದ್ದಿಗೆ ತಲುಪಲು ಸಣ್ಣ ರಂಧ್ರ ಇರಲೇಬೇಕು. ಅಲಂಕಾರದ ನಕಲಿಗಳಲ್ಲಿ ಎಷ್ಟೋ ಸಲ ಅದನ್ನು ಕೊರೆದೇ ಇರುವುದಿಲ್ಲ.

ಅರ್ಧ ಅಸಲಿ, ಅರ್ಧ ನಕಲಿ

ಸ್ಪ್ರಿಂಗ್ ಮುರಿದರೆ ಆ ಕಾಲದಲ್ಲೂ ಬದಲಿಸುತ್ತಿದ್ದರು. ಆದ್ದರಿಂದ ಒಂದು ಹೊಸ ಸ್ಕ್ರೂ ಇದ್ದ ಮಾತ್ರಕ್ಕೆ ಇಡೀ ಪಿಸ್ತೂಲು ನಕಲಿಯಲ್ಲ. ಒಂದು ಹಳೆಯ ನಳಿಗೆ ಇದ್ದ ಮಾತ್ರಕ್ಕೆ ಇಡೀ ಪಿಸ್ತೂಲು ಅಸಲಿಯೂ ಅಲ್ಲ. ಒಂದೊಂದೇ ಭಾಗವನ್ನು ನೋಡಬೇಕು. ಒಂದೇ ಫೋಟೊ ನೋಡಿ ಹಣ ಕಳಿಸುವುದು ಇದಕ್ಕೇ ಅಪಾಯ.

ಮನೆಯ ಅಟ್ಟದಲ್ಲೇ ಸಿಕ್ಕರೆ?

ಟ್ರಿಗರ್ ಎಳೆದು ನೋಡಬೇಡಿ. ತಲೆಮಾರುಗಳ ಹಿಂದೆ ತುಂಬಿದ ಮದ್ದು ಒಳಗೇ ಉಳಿದಿರಬಹುದು, ಅದು ಈಗಲೂ ಸಿಡಿಯಬಲ್ಲದು. ಉಜ್ಜಿ ಹೊಳಪು ಮಾಡಲೂ ಹೋಗಬೇಡಿ. ತುಕ್ಕಿನೊಂದಿಗೆ ಹಳೆಯದೆಂಬ ಸಾಕ್ಷ್ಯವೂ ಹೋಗುತ್ತದೆ.

‘ಹಳೆಯದಕ್ಕೆ ಲೈಸೆನ್ಸ್ ಬೇಡ’ ಎಂಬ ಮಾತು ಅರ್ಧಸತ್ಯ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಸೆಕ್ಷನ್ ವಿನಾಯಿತಿ ಕೊಡುವುದು, ರಿಪೇರಿ ಮಾಡಿದರೂ ಗುಂಡು ಹಾರಿಸಲಾಗದ ಹಳೆಯ ಆಯುಧಗಳಿಗೆ ಮಾತ್ರ. ಇನ್ನು 100 ವರ್ಷ ದಾಟಿದ ವಸ್ತುವಿಗೆ 1972ರ ಪುರಾತನ ವಸ್ತುಗಳ ಕಾಯ್ದೆಯೂ ಅನ್ವಯಿಸಬಹುದು. ಅಂಥದ್ದನ್ನು ಖಾಸಗಿಯವರು ವಿದೇಶಕ್ಕೆ ಕಳಿಸುವಂತಿಲ್ಲ. ಮೊದಲು ಪೊಲೀಸ್ ಠಾಣೆಗೆ ತಿಳಿಸಿ, ಆಮೇಲೆ ಪುರಾತತ್ವ ಇಲಾಖೆಯವರನ್ನು ವಿಚಾರಿಸಿ. ಫೋಟೊ ಗ್ರೂಪಿಗೆ ಹಾಕುವುದು ಅದಾದ ಮೇಲಿರಲಿ.